ಗುಂಡಿಯೊಳಗಿನ ನಳ

ನಮ್ಮ ವಾಡೆಯ ನಳ ನೆಲದಿಂದ ಎರಡು ಗೇಣು ಕೆಳಗಿದೆ. ಮೈಸೂರು, ಬೆಂಗಳೂರು ಕಡೆಯವರು ಓದುತ್ತಿದ್ದರೆ ಇದು ಅಚ್ಚಿನ ತಪ್ಪು ಎಂದುಕೊಂಡು ‘ಎರಡು ಗೇಣು ಮೇಲೆ’ ಎಂದು ತಿದ್ದಿಕೊಂಡಾರು. ತಿದ್ದಬೇಡಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳೆಯ ಓಣಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆಗಳ ಮುಂದೆ ಅಲ್ಲಲ್ಲಿ ಫರಸಿ ಕಲ್ಲನ್ನೋ ತಗಡನ್ನೋ ಮುಚ್ಚಿದ ಸಣ್ಣ ಗುಂಡಿಗಳು ಕಾಣುತ್ತವೆ. ಹೊಸದಾಗಿ ಬಂದ ಬೀಗರು ಗಟಾರು ಇರಬೇಕೆಂದು ನೆರಿಗೆ ಎತ್ತಿಕೊಂಡು ದಾಟುತ್ತಾರೆ. ಒಳಗಿರುವುದು ಅವರಿಗೆ ಈಗಷ್ಟೇ ಕೊಟ್ಟ ಕುಡಿಯುವ ನೀರಿನ ಮೂಲ ಎಂದು ನಾವು ಹೇಳಲು ಹೋಗುವುದಿಲ್ಲ.

ಈ ಗುಂಡಿಗಳಿಗೂ ಒಂದು ಚರಿತ್ರೆ ಇದೆ. ಹತ್ತು ಮೀಟರ್ ಎತ್ತರದ ಟಾಕಿಯಿಂದ ಇಳಿದ ನೀರಿಗೆ ಸರಿಸುಮಾರು ಒಂದು ಕೆಜಿ ಒತ್ತಡ ಇರುತ್ತದೆ ಎನ್ನುತ್ತಾರೆ. ಆದರೆ ದಿನಬಿಟ್ಟು ದಿನವೋ ವಾರಕ್ಕೊಮ್ಮೆಯೋ ನೀರು ಬಿಟ್ಟಾಗ ಊರೆಲ್ಲ ಒಟ್ಟಿಗೇ ಕೊಡ ಹಿಡಿದರೆ ಆ ಒತ್ತಡ ದಾರಿಯಲ್ಲೇ ಖರ್ಚಾಗಿ ಹೋಗುತ್ತದೆ. ಆಗ ಯಾರ ನಳ ತಗ್ಗಿನಲ್ಲಿದೆಯೋ ಅವರದೇ ರಾಜ್ಯ. ನಮ್ಮ ಎಡಗಡೆಯ ಮನೆಯವರು ಮೊದಲು ಒಂದು ಗೇಣು ಅಗೆದರು. ಅವರ ಕೊಡ ತುಂಬುವಷ್ಟರಲ್ಲಿ ಬಲಗಡೆಯವರ ತಂಬಿಗೆಯೂ ತುಂಬದಾಯಿತು. ಬಲಗಡೆಯವರು ಒಂದೂವರೆ ಗೇಣು ಅಗೆದರು. ನಾವು ಸುಸಂಸ್ಕೃತರು, ಒಂದು ವಾರ ತಡೆದು ಎರಡು ಗೇಣು ಅಗೆಸಿದೆವು. ನಡುವೆ ದೊಡ್ಡ ಪೈಪು ಅಡ್ಡ ಬಾರದೇ ಹೋಗಿದ್ದರೆ ನಮ್ಮ ಓಣಿಯವರು ಈ ಹೊತ್ತಿಗೆ ಪಾತಾಳದವರ ಜೋಡಿ ಪಾಳಿ ಹಚ್ಚುತ್ತಿದ್ದರು.

ಮತ್ತೊಂದು ಸಂಗತಿ ಏನೆಂದರೆ, ಈ ನಳಕ್ಕೆ ತೋಟಿಯೇ ಇಲ್ಲ. ಯಾವಾಗೋ ಬರುವ ನೀರನ್ನು ಬಂದಾಗ ಬಂದ್ ಮಾಡುವ ಪ್ರಸಂಗವಾದರೂ ಎಲ್ಲಿಂದ ಬರಬೇಕು? ಗೋವಿನಜೋಳದ ಬೆಂಡಿಗೆ ಹಳೆ ಅರಿವೆ ಸುತ್ತಿ ಪೈಪಿನ ಬಾಯಿಗೆ ತುರುಕಿರುತ್ತೇವೆ. ನೀರು ಬಿಡುವ ದಿನ ರಾತ್ರಿ ಬೆಂಡು ತೆಗೆದು, ಕೆಳಗೊಂದು ಸ್ಟೀಲ್ ಡಬ್ಬಿ ಬೋರಲು ಹಾಕಿ ಮಲಗುವುದು ರೂಢಿ. ಮೊದಲು ಪೈಪು ಉಸ್ಸೆಂದು ಗಾಳಿ ಬಿಡುತ್ತದೆ. ಆಮೇಲೆ ಗೊರಗೊರ. ಆಮೇಲೆ ಡಬ್ಬಿಯ ಮೇಲೆ ಟಣ್ ಟಣ್. ‘ನಳಾ ಬಂತೂ!’ ಎಂದು ಯಾರೋ ಕೂಗುತ್ತಾರೆ. ಐದು ಮನೆಗಳ ವಾಡೆಯಲ್ಲಿ ಐದು ಬಾಗಿಲು ಒಟ್ಟಿಗೆ ತೆರೆಯುತ್ತವೆ.

ಅಂಥದೊಂದು ನಸುಕಿನಲ್ಲಿ, ಗುಂಡಿಯ ಅಂಚಿಗೆ ಹಿಡಿದ ಹಾವಸೆಯ ಮೇಲೆ ಕಾಲಿಟ್ಟು ನಾನು ಜಾರಿದೆ. ಕೊಡ ಉಳಿಯಿತು, ಮಣಿಕಟ್ಟು ಮುರಿಯಿತು. ಕೊಡ ಹಿತ್ತಾಳೆಯದು, ಹೆಂಡತಿಯ ತವರಿನದು. ಹೀಗಾಗಿ ಮನೆಯಲ್ಲಿ ಮೊದಲು ತಪಾಸಣೆ ಆದದ್ದು ಅದರದೇ. ಬಲಗೈಗೆ ಪ್ಲಾಸ್ಟರ್ ಬಿತ್ತು. ನಾನು ಬರೆಯುವುದು ಬಲಗೈಯಲ್ಲಿ. ಆದರೆ ಅದರಿಂದ ಲೋಕಕ್ಕೆ ಏನೋ ನಷ್ಟವಾಯಿತೆಂದು ಯಾರೂ ಫೋನು ಮಾಡಿ ವಿಚಾರಿಸಲಿಲ್ಲ.

ಬರವಣಿಗೆಯ ಮಾತು ಬಿಡಿ, ನನ್ನನ್ನು ಸೋಲಿಸಿದ್ದು ವಾಡೆಯ ಮೂಲೆಯಲ್ಲಿರುವ ಇನ್ನೊಂದು ನಳ. ಬೋರಿನ ನೀರು ತುಂಬಿಸುವ ಸಿಂಟೆಕ್ಸ್ ಟಾಕಿ, ಅದಕ್ಕೆ ಐದೂ ಮನೆಗೆ ಸೇರಿ ಒಂದೇ ತೋಟಿ. ತಿರುಪಿನದು, ಎರಡು ಬೆರಳಲ್ಲಿ ಹಿಡಿದು ತಿರುವಬೇಕು. ಒಳಗಿನ ವಾಶರ್ ಸವೆದಿತ್ತು. ವಾಶರ್ ಸವೆದ ತೋಟಿಯ ಗುಣವೇ ವಿಚಿತ್ರ: ಹಗುರಾಗಿ ಬಂದ್ ಮಾಡಿದರೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುತ್ತದೆಂದು ಇನ್ನಷ್ಟು ಬಿಗಿಯುತ್ತಾರೆ, ಬಿಗಿದಷ್ಟೂ ವಾಶರ್ ಇನ್ನಷ್ಟು ಸವೆಯುತ್ತದೆ. ನಾಲ್ಕನೇ ಮನೆಯಲ್ಲಿ ಪೊಲೀಸ್ ಭರ್ತಿಗೆ ತಯಾರಿ ನಡೆಸಿರುವ ಹುಡುಗ ಒಬ್ಬನಿದ್ದಾನೆ. ಬೆಳಿಗ್ಗೆ ಸ್ನಾನ ಮುಗಿಸಿ ಅವನು ಬಂದ್ ಮಾಡಿ ಹೋದರೆ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿದ ಹಾಗೆ, ಇನ್ನು ಮುಂದಿನ ಯುಗಾದಿಗೇ ತೆರೆಯುವುದು. ನಾನು ಎಡಗೈ ಪ್ರಯೋಗಿಸಿದೆ, ಮೊಳಕೈ ಪ್ರಯೋಗಿಸಿದೆ, ಟಾವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದೆ. ಕೊನೆಗೆ ಪಕ್ಕದ ಮನೆಯ ಏಳನೆತ್ತೆ ಹುಡುಗಿಯನ್ನು ಕೂಗಬೇಕಾಯಿತು. ‘ಸರ, ದಿನಾ ಎಷ್ಟಕ್ಕ ಬರಲಿ?’ ಎಂದು ಕೇಳಿತು. ಹುಡುಗಿಗೆ ಆಗಲೇ ಅನುಭವ ಇದ್ದಂತೆ ತೋರಿತು.

ಇತ್ತು. ಅವಳು ವರ್ಷಾನುಗಟ್ಟಲೆಯಿಂದ ಟೇಲರ್ ಕಾಕಾನಿಗೆ ನಳ ತೆರೆದುಕೊಟ್ಟು ಬರುತ್ತಿದ್ದಾಳೆ.

ಟೇಲರ್ ಕಾಕಾ ಬಾಗಿಲ ಪಕ್ಕದ ಕೋಣೆಯವರು. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಂದು ಎಡಗಾಲು ಬತ್ತಿತು. ಎಡಗೈಯನ್ನು ಎಡ ಮೊಳಕಾಲಿಗೆ ಊರಿ, ಒಂದು ಹೆಜ್ಜೆಗೆ ಒಮ್ಮೆ ಬಾಗಿ ನಡೆಯುತ್ತಾರೆ. ಹಾಗೆ ನಡೆಯುವವರಿಗೆ ಒಂದು ಕೈ ಕಾಲಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಉಳಿದ ಒಂದೇ ಕೈಯಲ್ಲಿ ಕೊಡ ಹಿಡಿಯಬೇಕು, ಅದೇ ಕೈಯಲ್ಲಿ ತೋಟಿ ತಿರುವಬೇಕು, ತುಂಬಿದ ಹದಿನೈದು ಕೆಜಿ ನೀರನ್ನು ಅದೇ ಕೈ ಎತ್ತಬೇಕು. ಗುಂಡಿಯ ನಳದ ಮಾತಂತೂ ಎತ್ತುವ ಹಾಗೇ ಇಲ್ಲ. ನೆಲಕ್ಕೆ ಕುಂತು, ಒಳಗೆ ಬಗ್ಗಿ, ಹಿಂದೆ ಪಾಳಿಯಲ್ಲಿ ನಿಂತವರ ‘ಲಗೂನ, ಲಗೂನ’ ಕೇಳುತ್ತ ತುಂಬಬೇಕು. ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಬಂಗಾಳದಲ್ಲಿ ಆಯಿತು, 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರವೂ ಬಂತು. ರೋಗವೇನೋ ಹೋಯಿತು. ಅದು ಬಂದು ಹೋದ ಕಾಲುಗಳು ನಮ್ಮ ನಡುವೆಯೇ ಇವೆ, ಅವುಗಳಿಗೂ ವಯಸ್ಸಾಗುತ್ತಿದೆ. ಮೊದಲು ಬರೀ ಕಾಲು ಸೋಲುತ್ತಿತ್ತು, ಈಗ ಅದನ್ನು ಇಷ್ಟು ವರ್ಷ ಹೊತ್ತ ಕೈಯೂ ಸೋಲುತ್ತಿದೆ ಎನ್ನುತ್ತಾರೆ ಕಾಕಾ.

ಪ್ಲಾಸ್ಟರಿನ ದೆಸೆಯಿಂದ ನನಗೆ ಅವರ ಅಂಗಡಿಯ ಬಾಕಿನ ಮೇಲೆ ಕೂರುವ ಪುರುಸೊತ್ತು ಸಿಕ್ಕಿತು. ಆಗ ನೋಡಿದೆ, ವಾಡೆಯ ಯಾವ ಹೆಣ್ಣುಮಗಳ ಸೀರೆಗೂ ಕಾಕಾ ಫಾಲ್ ಹಚ್ಚಲು ರೊಕ್ಕ ತೆಗೆದುಕೊಳ್ಳುವುದಿಲ್ಲ. ದೊಡ್ಡ ಮನಸ್ಸು ಎಂದು ನಾನು ಹೊಗಳಿದೆ. ಕಾಕಾ ಮಷೀನು ನಿಲ್ಲಿಸಿ ನಕ್ಕರು.

‘ದೊಡ್ಡ ಮನಸ್ಸಲ್ರಿ ಸರ, ದೊಡ್ಡ ಉದ್ರಿ. ಅವರ ಹುಡುಗೂರು ನನಗ ನೀರು ತಂದು ಹಾಕ್ತಾವು. ವಾರದ ನೀರಿಗೆ ಒಂದು ಫಾಲು. ಹಬ್ಬದಾಗ ಪಿಕೋನೂ ಹಿಡೀತೈತಿ.’

ನನ್ನ ಹೆಂಡತಿಯ ಸೀರೆಗಳಿಗೆ ಎಷ್ಟು ಫಾಲ್ ಬಿದ್ದಿವೆ, ನಮ್ಮ ಮನೆಯಿಂದ ಎಷ್ಟು ಕೊಡ ನೀರು ಹೋಗಿದೆ ಎಂದು ಮನಸ್ಸಿನಲ್ಲೇ ತಾಳೆ ಹಾಕಲು ಹೊರಟೆ. ಲೆಕ್ಕ ನಮ್ಮ ಕಡೆಗೆ ಚೊಕ್ಕ ಇರಲಿಲ್ಲ, ಅರ್ಧಕ್ಕೇ ಬಿಟ್ಟೆ.

ತೋಟಿಯ ಮಾತಿಗೆ ಬರೋಣ. ಎರಡು ಬೆರಳಲ್ಲಿ ಹಿಡಿದು ಗರಗರ ತಿರುವುವ ಈ ತಿರುಪಿನ ತೋಟಿ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ರಾಧರಮ್ ಎಂಬ ಊರಿನ ಗೆಸ್ಟ್ ಆ್ಯಂಡ್ ಕ್ರೈಮ್ಸ್ ಕಂಪನಿಯವರು 1845ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷರ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಆಮೇಲೆ ಕೋಟೆ ಬ್ರಿಟಿಷರ ಪಾಲಾದದ್ದು ಎರಡೂ 1824ರಲ್ಲಿ. ಅಂದರೆ ಕಿತ್ತೂರು ಕೈತಪ್ಪಿ ಇಪ್ಪತ್ತೊಂದು ವರ್ಷಕ್ಕೆ ಹುಟ್ಟಿದ ತೋಟಿಯನ್ನು ನಾವು ಇನ್ನೂ ತಿರುವುತ್ತ ಕೂತಿದ್ದೇವೆ. 1937ರಲ್ಲಿ ಅಮೆರಿಕದಲ್ಲಿ ಆಲ್ ಮೋಯೆನ್ ಎಂಬ ವಿದ್ಯಾರ್ಥಿ ಗ್ಯಾರೇಜಿನಲ್ಲಿ ದುಡಿದು ಕೈ ತೊಳೆಯಲು ಹೋದಾಗ, ಎರಡು ತಿರುಪಿನ ನಳದಿಂದ ಬಿಸಿನೀರು ನುಗ್ಗಿ ಕೈ ಸುಟ್ಟುಕೊಂಡ. ಒಂದೇ ಹಿಡಿಕೆಯ ನಳದ ಯೋಚನೆ ಅವನಿಗೆ ಬಂದದ್ದು ಆಗ. ಹತ್ತು ವರ್ಷಕ್ಕೆ ಅದು ಮಾರಾಟಕ್ಕೂ ಬಂತು. ನಳದಿಂದ ಅವನು ಕೈ ಸುಟ್ಟುಕೊಂಡ, ನಾನು ಕೈ ಮುರಿದುಕೊಂಡೆ. ಅವನು ಹೊಸ ನಳ ಕಂಡುಹಿಡಿದ, ನಾನು ಪ್ರಬಂಧ ಬರೆಯುತ್ತಿದ್ದೇನೆ.

ತೋಟಿ ಎಲ್ಲರಿಗೂ ಸಲ್ಲುವಂಥದೋ ಅಲ್ಲವೋ ಎಂದು ನೋಡಲು ಕಟ್ಟಡ ಕಟ್ಟುವವರಲ್ಲಿ ಸರಳವಾದ ಪರೀಕ್ಷೆ ಒಂದಿದೆ. ಮುಷ್ಟಿ ಬಿಗಿಹಿಡಿದು, ಬೆರಳು ಬಿಡಿಸದೆ ತೆರೆಯಲು ಬರಬೇಕು. ಅಮೆರಿಕದ ಕಾನೂನು ಇನ್ನೂ ಬಿಗಿ: ಒಂದೇ ಕೈ, ಚಿವುಟುವ ಹಾಗಿಲ್ಲ, ತಿರುಚುವ ಹಾಗಿಲ್ಲ, ಐದು ಪೌಂಡಿಗಿಂತ ಹೆಚ್ಚು ಬಲ ಬೇಡುವ ಹಾಗಿಲ್ಲ. ನಮ್ಮಲ್ಲೇನು ಕಾನೂನಿಗೆ ಬರವೇ? ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಮೊದಲು ಏಳು ಬಗೆ ಇದ್ದ ವೈಕಲ್ಯಗಳ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಅದರ 24ನೇ ಕಲಮಿನಲ್ಲಿ ಶುದ್ಧ ಕುಡಿಯುವ ನೀರಿನ ಹೆಸರೂ ಇದೆ. ಬರೀ ಕರ್ನಾಟಕದಲ್ಲೇ 2011ರ ಜನಗಣತಿಗೆ ಸಿಕ್ಕವರು 13.24 ಲಕ್ಷ ಮಂದಿ. ಆದರೆ ಕಾಯ್ದೆ ಆಸ್ಪತ್ರೆ, ಕಚೇರಿ, ಬಸ್‌ ಸ್ಟ್ಯಾಂಡಿನ ಮಟ್ಟಿಗೆ ಗದರಿಸಬಲ್ಲದು. ಐದು ಮನೆ ಬಾಡಿಗೆಗೆ ಕೊಟ್ಟ ಹಳೇ ವಾಡೆಯ ಹಿತ್ತಲಿಗೆ ಅದು ಹೇಗೆ ಬಂದೀತು? ಅಲ್ಲಿ ನಡೆಯುವುದು ಮಾಲಕರ ಕಾಯ್ದೆ. ‘ಸ್ವಂತ ಖರ್ಚಿಲೇ ಏನಾರ ಮಾಡ್ಕೋರಿ, ಬಿಟ್ಟು ಹೋಗುವಾಗ ಮೊದಲಿನಂಗ ಇರಬೇಕು’ ಎಂಬುದು ಅದರ ಒಂದನೇ ಮತ್ತು ಕೊನೆಯ ಕಲಮು.

ಕಾಕಾ ತಮ್ಮ ಮಟ್ಟಿಗೆ ಒಂದು ಉಪಾಯ ಮಾಡಿದ್ದರು. ಬಟ್ಟೆ ಅಳೆಯುವ ಮುರುಕು ಕಟ್ಟಿಗೆ ಪಟ್ಟಿಯೊಂದನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ತೋಟಿಯ ಕಿವಿಗೆ ಬಿಗಿದಿದ್ದರು. ಹಿಡಿಕೆ ಉದ್ದವಾದಷ್ಟೂ ತಿರುವಲು ಬಲ ಕಡಿಮೆ ಸಾಕು, ಶಾಲೆಯಲ್ಲಿ ಕಲಿತದ್ದೇ. ಕೆಲವು ದಿನ ನಡೆಯಿತು. ಆಮೇಲೆ ಪಟ್ಟಿ ಮಾಯ. ಮೂರನೇ ಮನೆಯ ಹುಡುಗರು ಅದನ್ನು ಚಿನ್ನಿದಾಂಡಿಗೆ ಒಯ್ದಿದ್ದರು. ಎಲ್ಲರ ವಸ್ತು ಎಂದರೆ ಹಾಗೇ. ತನ್ನ ಮನೆಯೊಳಗಿನ ತೋಟಿ ಕೆಟ್ಟರೆ ಸಂಜೆಯೊಳಗೆ ಪ್ಲಂಬರ್ ಬರುತ್ತಾನೆ, ಐದು ಮನೆಯ ತೋಟಿ ಕೆಟ್ಟರೆ ಐದೂ ಮನೆಯವರು ಉಳಿದ ನಾಲ್ಕು ಮನೆಯವರ ದಾರಿ ಕಾಯುತ್ತಾರೆ.

ಪ್ಲಾಸ್ಟರ್ ಹೊತ್ತುಕೊಂಡು ನೆಂಟರ ಮನೆಗಳಿಗೆ ಹೋಗಿ ಬರುವ ಯೋಗವೂ ಬಂತು. ಕೈ ಕಟ್ಟಿಕೊಂಡವನಿಗೆ ಊರು ಬೇರೆಯೇ ಕಾಣುತ್ತದೆ. ಸವದತ್ತಿಯ ಮಾವನ ಮನೆಯಲ್ಲಿ ಮೊದಲು ನೋಡಿದ್ದು ಬ್ಯಾರಲ್ಲುಗಳ ಸಾಲು. ನವಿಲುತೀರ್ಥದ ಅಣೆಕಟ್ಟು ಬಗಲಲ್ಲೇ ಇದೆ, ಅಲ್ಲಿಯ ಮಲಪ್ರಭೆ ಧಾರವಾಡ, ಹುಬ್ಬಳ್ಳಿಯವರೆಗೂ ಹತ್ತಿ ಹೋಗಿ ನೀರು ಕೊಡುತ್ತಾಳೆ, ಮಾವನ ಮನೆಯವರು ಮಾತ್ರ ಬ್ಯಾರಲ್ ನಂಬುತ್ತಾರೆ. ಕಣ್ಣು ಮಂಜಾದ ಅತ್ತೆ ಬ್ಯಾರಲ್ಲಿನ ಅಂಚಿಗೆ ಬಳೆ ತಾಗಿಸಿ, ಆ ಸದ್ದಿನ ಮೇಲೆ ಎಷ್ಟು ನೀರು ಉಳಿದಿದೆ ಎಂದು ಹೇಳುತ್ತಾರೆ. ನಾನು ಕಣ್ಣಿದ್ದೂ ತಪ್ಪು ಹೇಳಿದೆ. ರಾಮದುರ್ಗದಲ್ಲಿ ಅಕ್ಕನ ಮನೆ ಹೊಳೆಯ ಕಡೆಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ತಾನಾಗಿಯೇ ಓಣಿಯೊಳಗೆ ಬಂದಿದ್ದಳು. ಅಕ್ಕ ಇವತ್ತಿಗೂ ಹೇಳುತ್ತಾಳೆ, ‘ಅವತ್ತೊಂದು ದಿನ ಯಾರೂ ನಳದ ಪಾಳಿಗೆ ಜಗಳಾಡಲಿಲ್ಲ ನೋಡು.’ ಪಕ್ಕದಲ್ಲಿ ನೇಕಾರರ ಮನೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೀವಮಾನ ಕಳೆದ ಅಜ್ಜ ಈಗ ಮೊಳಕಾಲು ಮಡಚಲಾರ. ನಳದ ಗುಂಡಿಯ ಮುಂದೆ ನಿಂತು, ‘ಒಂದು ಕುಣಿಯಿಂದ ಎದ್ದು ಬಂದರ ಇನ್ನೊಂದು ಕುಣಿ’ ಎಂದು ನಗುತ್ತಾನೆ. ಕಿತ್ತೂರಿನಲ್ಲಿ ಕೋಟೆ ನೋಡಿ ಬಂದೆ. ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಯನ್ನು ಎಲ್ಲರೂ ತೋರಿಸುತ್ತಾರೆ. ನನ್ನ ಕಣ್ಣು ಹೋದದ್ದು ಸ್ನಾನದ ತೊಟ್ಟಿಗಳ ಕಡೆಗೆ, ಅವಕ್ಕೆ ನೀರು ಹಾಯಿಸಿದ ಏರ್ಪಾಡಿನ ಕಡೆಗೆ. ಅಷ್ಟು ಅಚ್ಚುಕಟ್ಟಾದ ನೀರಿನ ಮನೆ ಬಿಟ್ಟು ರಾಣಿ ಚೆನ್ನಮ್ಮ ಕೊನೆಗೆ ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು.

ಹಳ್ಳಿಗಳ ಕಡೆ ಈಗ ಬೇರೆ ನೋಟ. ಜಲಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು, ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂಬ ಚೆಂದದ ಹೆಸರಿಟ್ಟರು. ತಲೆಗೆ ದಿನಕ್ಕೆ 55 ಲೀಟರ್. ಐವರು ಇರುವ ಮನೆಗೆ 275 ಲೀಟರ್, ಅಂದರೆ ಹದಿನೈದು ಲೀಟರಿನ ಸುಮಾರು ಹದಿನೆಂಟು ಕೊಡ. ನಳ ನಾಲ್ಕೇ ಮಾರು ದೂರ ಇದ್ದರೂ ಹದಿನೆಂಟು ಸಲ ಹೋಗಿ ಬರುವ ಕೆಲಸ. ಸರ್ಕಾರ ಲೀಟರ್ ಎಣಿಸುತ್ತದೆ, ಎತ್ತುವವರು ಕೊಡ ಎಣಿಸುತ್ತಾರೆ. ಮನೆಯ ಮುಂದೆ ನೆಟ್ಟ ಸಿಮೆಂಟಿನ ಪುಟ್ಟ ಕಂಬಕ್ಕೆ ತೋಟಿ ಹಚ್ಚುವಾಗ ಮನೆಯೊಳಗೆ ಯಾರಿದ್ದಾರೆ, ಕೂತು ತುಂಬುವವರೋ ನಿಂತು ತುಂಬುವವರೋ ಎಂದು ಒಂದು ಮಾತು ಕೇಳಿದರೆ ಕೂಲಿ ಹೆಚ್ಚೇನೂ ಬೀಳುವುದಿಲ್ಲ. ಕೊಡ ಇಡಲು ತೊಡೆಯ ಎತ್ತರದ ಒಂದು ಕಟ್ಟೆ, ನಿಲ್ಲಲು ಜಾರದ ಫರಸಿ, ಗಾಲಿಕುರ್ಚಿ ಬಂದರೆ ಮೊಳಕಾಲು ಹಿಡಿಯುವಷ್ಟು ಕೆಳಗೆ ಜಾಗ. ಹಿಡಿಕೆಯ ವಿಚಾರ ಇವೆಲ್ಲ ಆದ ಮೇಲಿನದು.

ಇವೆಲ್ಲಕ್ಕಿಂತ ಮೊದಲು ಇನ್ನೊಂದಿದೆ ಎಂದು ನನಗೆ ಹೊಳೆದದ್ದು ಬೆಳಗಾವಿಯಲ್ಲಿ, ಪ್ಲಾಸ್ಟರ್ ಬಿಚ್ಚಿಸಲು ಹೋದಾಗ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಪ್ರಯೋಗವೆಂದು ಇಪ್ಪತ್ನಾಲ್ಕು ತಾಸೂ ನೀರು ಕೊಡಲು ಸುರು ಮಾಡಿದ್ದರು. ಅಂಥದೊಂದು ವಾರ್ಡಿನಲ್ಲಿ ಗೆಳೆಯನ ಮನೆ. ಅವನ ತಾಯಿಗೆ ಲಕವಾ ಹೊಡೆದು ಬಲಗೈ ಬಿದ್ದಿದೆ. ಎಡಗೈಯಲ್ಲಿ ಒಂದು ಚಿಕ್ಕ ತಂಬಿಗೆ ಹಿಡಿದು, ಸೊಂಟದ ಎತ್ತರದ ತೋಟಿಯಿಂದ, ಮನಸ್ಸು ಬಂದಾಗೊಮ್ಮೆ ಒಂದೊಂದೇ ತಂಬಿಗೆ ತುಂಬಿ ತುಳಸಿಗೆ ಹಾಕುತ್ತಿದ್ದರು. ತೋಟಿ ಹಳೆಯ ತಿರುಪಿನದೇ, ಸಡಿಲಾಗಿತ್ತು ಅಷ್ಟೇ. ಗುಂಡಿ ಇಲ್ಲ, ಯಾಕೆಂದರೆ ತುಂಬಿದ ಪೈಪಿನಲ್ಲಿ ನೀರಿಗೆ ಏರಲು ಕಸುವಿದೆ. ಬ್ಯಾರಲ್ ಇಲ್ಲ, ಪಾಳಿ ಇಲ್ಲ, ಹಿಂದಿನಿಂದ ‘ಲಗೂನ’ ಇಲ್ಲ. ಹದಿನೈದು ಕೆಜಿಯನ್ನು ಒಮ್ಮೆಗೇ ಎತ್ತಬೇಕಾದ್ದು ನೀರು ಓಡಿಹೋಗುತ್ತದೆ ಎಂಬ ಭಯಕ್ಕೆ. ನೀರು ಎಲ್ಲೂ ಹೋಗುವುದಿಲ್ಲ ಎಂದಾದರೆ ಒಂದು ಲೀಟರ್ ಸಾಕು. ಕೈಕಾಲು ಸೋತವರನ್ನು ನಮ್ಮ ಓಣಿಗಳಲ್ಲಿ ಸೋಲಿಸುವುದು ತೋಟಿಗಿಂತ ಹೆಚ್ಚಾಗಿ ಅವಸರ.

ಆದರೆ ಇಪ್ಪತ್ನಾಲ್ಕು ತಾಸಿನ ನೀರು ನನ್ನ ಕಿಸೆಯ ರೊಕ್ಕಕ್ಕೆ ಬರುವ ಸಾಮಾನಲ್ಲ. ಸಿಂಟೆಕ್ಸಿನಲ್ಲಿ ಬೋರಿನ ನೀರಾದರೂ ಸದಾ ಇರುತ್ತದಲ್ಲ, ಅದರ ತೋಟಿಯನ್ನಾದರೂ ಬದಲಿಸೋಣ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮೊಳಕೈಯಿಂದ ತೆರೆಯುವಂಥದು, ಗೇಣುದ್ದ ಹಿಡಿಕೆ ಇರುವಂಥದು ಬೇಕು ಎಂದೆ.

‘ಎಲ್ಬೋ ಟ್ಯಾಪ್ ಅನ್ರಿ. ದವಾಖಾನಿ ತಗದೀರೇನು?’

‘ಇಲ್ಲ, ವಾಡೇಕ್ಕ.’

‘ವಾಡೇಕ್ಕ ಎದಕ್ಕರಿ? ಅಲ್ಲೇನು ಆಪರೇಷನ್ ಮಾಡ್ತೀರಿ?’ ಎಂದ ಅಂಗಡಿಯವನು, ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿ ಇಳಿಸಿದ. ಕಾಲು ಸುತ್ತು ತಿರುಗಿದರೆ ಪೂರ್ತಿ ತೆರೆಯುತ್ತದೆ, ವಾಶರಿನ ಬದಲು ಒಳಗೆ ಪಿಂಗಾಣಿಯ ಬಿಲ್ಲೆಗಳು. ಬಿಗಿಯುವ ಮಾತೇ ಇಲ್ಲ, ಪೊಲೀಸ್ ಭರ್ತಿಯ ಹುಡುಗನ ಕಸುವಿಗೆ ಅಲ್ಲಿ ಕೆಲಸವಿಲ್ಲ.

ಹಚ್ಚಿಸಿದ ದಿನದಿಂದ ವಾಡೆಯ ನಡಾವಳಿಯೇ ಬದಲಾಯಿತು. ಕಾಕಾ ಮೊಳಕೈಯಿಂದ ತಟ್ಟಿ ತೆರೆದು, ಮೊಳಕೈಯಿಂದಲೇ ತಟ್ಟಿ ಬಂದ್ ಮಾಡಿದರು. ಮಾತಾಡಲಿಲ್ಲ, ಇನ್ನೊಂದು ಸಲ ಸುಮ್ಮನೆ ತೆರೆದು ಬಂದ್ ಮಾಡಿ ನೋಡಿದರು. ರೊಟ್ಟಿ ಬಡಿಯುತ್ತಿದ್ದ ಅವ್ವಂದಿರು ಹಿಟ್ಟಿನ ಕೈಯಲ್ಲಿ ಬಂದು ಮೊಳಕೈ ಒತ್ತತೊಡಗಿದರು. ಕೂಸು ಎತ್ತಿಕೊಂಡವರು, ಸಾಬೂನು ಹಚ್ಚಿಕೊಂಡವರು, ಬೆರಳು ಸೊಟ್ಟಗಾದ ಮೇಲಿನ ಮನೆಯ ಅಜ್ಜಿ, ಎಲ್ಲರಿಗೂ ಅದು ತಮಗಾಗಿಯೇ ಹಚ್ಚಿಸಿದ್ದು ಅನಿಸಿತು. ಫಾಲಿನ ವ್ಯವಹಾರಕ್ಕೆ ಮಾತ್ರ ಪೆಟ್ಟು ಬಿತ್ತು. ತಂದು ಹಾಕುವ ನೀರು ಇನ್ನು ಗುಂಡಿಯ ನಳದ್ದಷ್ಟೇ, ಹಾಗಾಗಿ ಕಾಕಾ ಬೋರ್ಡು ಬರೆಸಿ ಅರ್ಧ ದರ ಇಟ್ಟಿದ್ದಾರೆ. ಬೋರ್ಡಿನ ಅಕ್ಷರ ನನ್ನದೇ, ಬಲಗೈಯದು.

ತಕರಾರು ಬಂದದ್ದು ನಾವು ಎಣಿಸದ ಕಡೆಯಿಂದ. ವಾಡೆಯಲ್ಲಿ ಒಂದು ಆಡು ಇದೆ. ತೋಟಿಯ ಬಾಯಿ ನೆಕ್ಕುವುದು ಅದರ ಹಳೆಯ ಚಟ. ಹೊಸ ಹಿಡಿಕೆ ಅದರ ಕೊಂಬಿಗೂ ಸಲೀಸಾಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ತೆರೆದು, ತಾನು ನಾಲ್ಕು ಗುಟುಕು ಕುಡಿದು, ಟಾಕಿ ಖಾಲಿ ಮಾಡಿ ಹೋಗತೊಡಗಿತು. ಮಾಲಕರು ಬಂದರು, ನೋಡಿದರು, ನೂಲಿನ ಹಗ್ಗ ತರಿಸಿ ಹಿಡಿಕೆಯನ್ನು ಪೈಪಿಗೆ ಸೇರಿಸಿ ಬಿಗಿದು ಎರಡು ಗಂಟು ಹಾಕಿದರು. ಈಗ ನೀರು ಬೇಕೆಂದರೆ ಮೊದಲು ಗಂಟು ಬಿಚ್ಚಬೇಕು. ಗಂಟು ಬಿಚ್ಚಲು ಎರಡು ಕೈ ಬೇಕು.

ಭಾನುವಾರ ವಾಡೆಯ ಕಟ್ಟೆಯ ಮೇಲೆ ಸಭೆ ಸೇರಿತು. ಒಬ್ಬೊಬ್ಬರದು ಒಂದೊಂದು ಸೂಚನೆ. ತಗಡಿನ ಪೆಟ್ಟಿಗೆ ಮಾಡಿಸಿ ಕೀಲಿ ಹಾಕೋಣ, ಹಳೇ ತೋಟಿಯನ್ನೇ ಹಚ್ಚೋಣ, ಹಿಡಿಕೆಗೆ ಮೆಣಸಿನಕಾಯಿ ಅರೆದು ಹಚ್ಚೋಣ. ಕಾಕಾ ಕಾಜು ಹೊಲಿಯುತ್ತ ಎಲ್ಲ ಕೇಳಿಸಿಕೊಂಡರು. ಸೂಜಿಯನ್ನು ಕಾಲರಿಗೆ ಚುಚ್ಚಿಟ್ಟು ಹೇಳಿದರು:

‘ಹಗ್ಗ ಹೆಂಗೂ ತಂದೀರಿ. ನಳಕ್ಕ ಯಾಕ ಕಟ್ತೀರಿ, ಆಡಿಗೆ ಕಟ್ರಿ.’

ಯಾರೂ ಉಸಿರೆತ್ತಲಿಲ್ಲ. ಆಡು ಮಾಲಕರದು. ಠರಾವು ಮುಂದಿನ ಭಾನುವಾರಕ್ಕೆ ಹೋಗಿದೆ.